ಬಾವುಟದಮ್ಮನ ಶಾಲು

ಊರಿಗೆಲ್ಲ ಅವಳು ಬಾವುಟದಮ್ಮ. ನನಗೆ ಬರೀ ವಾರಗಿತ್ತಿ, ಮೈದುನನ ಹೆಂಡತಿ. ಪುರಸಭೆಯಲ್ಲಿ ಅವಳ ಫೋಟೊ ಇದೆ, ಶಾಲೆ ಪುಸ್ತಕದಲ್ಲಿ ಅವಳ ಮೇಲೆ ಪಾಠ ಇದೆ. ಅವಳ ಕಥೆ ಕೇಳೋಕೆ ಬರೋರೆಲ್ಲ ನಮ್ಮ ಇಸ್ತ್ರಿ ಅಂಗಡಿಯಲ್ಲಿ ನನ್ನನ್ನು ದಾಟಿಕೊಂಡೇ ಒಳಗೆ ಹೋಗಬೇಕು. ಒಬ್ಬರಾದರೂ ನನ್ನನ್ನು ಕೇಳಿದ್ದಾರಾ? ಇಲ್ಲ. ಅದಕ್ಕೇ ಕೇಳದೆ ಇದ್ದರೂ ಹೇಳ್ತಿದೀನಿ. ಹೊಟ್ಟೆಕಿಚ್ಚು ಅಂತೀರಾ? ಅನ್ನಿ. ಹೊಟ್ಟೆಕಿಚ್ಚೇ.

ಮದುವೆಯಾಗಿ ಬಂದಾಗ ಅವಳಿಗೆ ಒಂದು ಕಾಲರು ನೆಟ್ಟಗೆ ಇಸ್ತ್ರಿ ಮಾಡೋಕೆ ಬರ್ತಿರಲಿಲ್ಲ. ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಕೈಗೆ ಕೊಟ್ಟರೆ ಯಾವುದೋ ಲೋಕದಲ್ಲಿರೋಳು. ಸುಟ್ಟ ವಾಸನೆ ಬಂದಮೇಲೆ "ಅಯ್ಯೋ ಅಕ್ಕಾ!" ಅನ್ನೋಳು. ನಮ್ಮತ್ತೆ ಅವಳನ್ನು ಹಿತ್ತಲಿನ ಒಗೆಯೋ ಕಲ್ಲಿಗೆ ಅಟ್ಟಿದರು. ಇಸ್ತ್ರಿ ನನ್ನದು, ಗಂಜಿಯ ಹದ ನನ್ನದು, ಬಟ್ಟೆಗೆ ಗುರುತು ಹಾಕೋ ಕಡ್ಡಿಯೂ ನನ್ನದು. ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಹೋಗಬಾರದು ಅಂತ ಒಂದೊಂದು ಮನೆಗೆ ಒಂದೊಂದು ಗುರುತು, ಬಟ್ಟೆಯ ಮೂಲೆಯಲ್ಲಿ, ಎಷ್ಟು ಒಗೆದರೂ ಹೋಗದ ಮಸಿಯಲ್ಲಿ. ಇನ್‌ಸ್ಪೆಕ್ಟರ್ ಮನೆಗೆ ಎರಡು ಗೀಟು, ನಡುವೆ ಒಂದು ಚುಕ್ಕಿ. ಗುರುತಿಲ್ಲದ ಬಟ್ಟೆ ನನ್ನ ಕೈಯಿಂದ ಆಚೆ ಹೋದದ್ದೇ ಇಲ್ಲ.

ಆಗ ಪರದೇಶದವರ ಆಳ್ವಿಕೆ. ಸ್ವಾತಂತ್ರ್ಯ ಬೇಕು ಅಂದ ನಾಯಕರನ್ನೆಲ್ಲ ಒಟ್ಟಿಗೆ ಹಿಡಿದು ಒಳಗೆ ಹಾಕಿದರು. ಅಂಗಡಿಗಳು ಮುಚ್ಚಿದವು, ಗಿರಣಿ ನಿಂತಿತು. ಬಾವುಟ ಮನೆಯಲ್ಲಿ ಸಿಕ್ಕರೂ ಜೈಲು ಅಂತ ಸಾರಿದರು. ಚಳವಳಿಯಲ್ಲಿದ್ದ ಡ್ರಿಲ್ ಮೇಷ್ಟ್ರು ಒಂದು ಮಧ್ಯಾಹ್ನ ಬಂದು, ಅಂಗಿಯೊಳಗಿಂದ ಬಾವುಟ ತೆಗೆದು, "ಎರಡು ದಿನ ಎಲ್ಲಾದ್ರೂ ಇಟ್ಟಿರಮ್ಮ" ಅಂದರು. ನನ್ನ ಕೈಗೇ ಕೊಟ್ಟರು, ಗೊತ್ತಾಯ್ತಾ? ಅವಳು ಹಿತ್ತಲಲ್ಲಿದ್ದಳು. ನಾನು ಅದನ್ನು ಒಗೆದು, ಇಸ್ತ್ರಿ ಮಾಡಿ, ಇನ್‌ಸ್ಪೆಕ್ಟರ್ ಮನೆಯ ಬಟ್ಟೆಯ ನಡುವೆ ಸೇರಿಸಿಬಿಟ್ಟೆ. ಅವನ ಗಂಟಿಗೆ ಕೈಹಾಕೋ ಎದೆಗಾರಿಕೆ ಯಾವ ಪೊಲೀಸಿಗಿತ್ತು?

ಅವನ ಮನೆಯಿಂದ ಹೊಸದಾಗಿ ಬಂದಿದ್ದ ಆ ರಾಶಿಗೆ ಗುರುತು ಹಾಕ್ತಾ ಕೂತಾಗ ಕೈ ತನ್ನ ಪಾಡಿಗೆ ತಾನು ಓಡಿತು. ದುಪ್ಪಟಿ, ದುಪ್ಪಟಿ, ದಿಂಬಿನ ಚೀಲ, ಬಾವುಟ, ದುಪ್ಪಟಿ. ನನಗೆ ಗೊತ್ತೇ ಆಗಲಿಲ್ಲ.

ಮೇಷ್ಟ್ರು ಬಂದು ತಗೊಂಡು ಹೋದರು. ಮಾರನೇ ದಿನ ಬೆಳಿಗ್ಗೆ ಬಾವುಟ ಸರ್ಕಾರಿ ಕಚೇರಿಯ ನೆತ್ತಿಯ ಮೇಲೆ ಹಾರಾಡ್ತಿತ್ತು. ಪೊಲೀಸರು ಇಳಿಸಿ ತಂದು ನೋಡಿದರೆ ಮೂಲೆಯಲ್ಲಿ ಎರಡು ಗೀಟು, ನಡುವೆ ಚುಕ್ಕಿ. ಇನ್‌ಸ್ಪೆಕ್ಟರ್ ನಡುಬೀದಿಯಲ್ಲೇ ತನ್ನ ಕಾಲರು ತಿರುಗಿಸಿ ನೋಡಿಕೊಂಡ. ಅಲ್ಲೂ ಅದೇ! ಗುಂಪಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಲ್ಲೀತನಕ ಅವರನ್ನು ಕಂಡರೆ ಗಡಗಡ ನಡುಗ್ತಿದ್ದ ಊರು ಅದು. ಒಂದು ಸಲ ನಕ್ಕಮೇಲೆ ಮತ್ತೆ ಹಾಗೆ ನಡುಗಲಿಲ್ಲ.

ಅವನು ನೇರ ನಮ್ಮ ಅಂಗಡಿಗೆ ನುಗ್ಗಿದ. "ಯಾರ ಕೈ ಇದು?" ನಾನು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ನಂದು ಅನ್ನೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಹಿತ್ತಲಿಂದ ಇವಳು ಒದ್ದೆ ಕೈಯಲ್ಲೇ ಓಡಿಬಂದು, "ನಂದು ಸ್ವಾಮಿ" ಅಂದಳು! ನಾನು "ಅಲ್ಲ" ಅನ್ನೋದರೊಳಗೆ ಅತ್ತೆ ನನ್ನ ಬಾಯಿ ಮುಚ್ಚಿ, "ನೀನೂ ಹೋದ್ರೆ ಒಲೆ ಹತ್ತಿಸೋರು ಯಾರೇ?" ಅಂತ ಪಿಸುಗುಟ್ಟಿದರು. ಬಾಯಿ ಬಿಡಲ್ಲ ಅಂತ ಆಣೆಯನ್ನೂ ಹಾಕಿಸಿಕೊಂಡರು.

ಜೈಲಿಂದ ಬಂದವಳಿಗೆ ಮೆರವಣಿಗೆ, ಹಾರ, ಜೈಕಾರ. ಪರದೇಶದವರು ಹಡಗು ಹತ್ತಿ ಹೋದಮೇಲಂತೂ ಕೇಳಲೇಬೇಡಿ. ವರ್ಷಾ ವರ್ಷಾ ಅವಳನ್ನು ವೇದಿಕೆ ಮೇಲೆ ಕೂರಿಸಿ, "ಇನ್‌ಸ್ಪೆಕ್ಟರನ ಗುರುತನ್ನೇ ಹಾಕಿದ ಜಾಣೆ!" ಅಂತ ಹೊಗಳೋರು. ಜಾಣೆಯಂತೆ, ಮಣ್ಣು! ಅವಳು ತಲೆ ತಗ್ಗಿಸಿ ಕೂತಿರೋಳು. ಅವಳು ಹೊದೆಯೋ ಬಿಳಿ ಶಾಲು ಪ್ರತಿ ಸಲವೂ ಇಸ್ತ್ರಿ ಮಾಡ್ತಿದ್ದವಳು ಯಾರು? ನಾನೇ. ಅತ್ತೆ ತೀರಿಕೊಂಡಾಗ ಆಣೆಯೂ ತೀರಿತು. ಆದರೆ ಅಷ್ಟು ಹೊತ್ತಿಗೆ ಹೇಳಿದರೆ ನಂಬೋರು ಯಾರು?

ಈ ವರ್ಷ, ಪೊಲೀಸ್ ಠಾಣೆಯಲ್ಲೇ ಉಳಿದಿದ್ದ ಆ ಬಾವುಟವನ್ನು ತಂದು ಪುರಸಭೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಪರದೆ ಸರಿಸೋಕೆ ಅವಳಿಗೇ ಕರೆ. ನಾನು ಗಟ್ಟಿ ಮನಸ್ಸು ಮಾಡಿದೆ. ಸಾಯೋದರೊಳಗೆ ಒಂದು ಸಲ ನನ್ನ ಕೈಯನ್ನು ನನ್ನದು ಅಂತ ಊರ ಮುಂದೆ ಹೇಳಲೇಬೇಕು. ಬೆಳಿಗ್ಗೆ ಅವಳು ಶಾಲು ತಂದು ಮೇಜಿನ ಮೇಲೆ ಹರಡಿದಳು. ನಾನು ಇಸ್ತ್ರಿ ಎಳೀತಾ ಅಂದೆ, "ಇವತ್ತು ನಾನೂ ವೇದಿಕೆ ಹತ್ತೀನಿ. ಗುರುತು ಹಾಕಿದ ಕೈ ಯಾವುದು ಅಂತ ಹೇಳ್ತೀನಿ."

"ಹೇಳಕ್ಕ. ನಾನೇನು ಇಲ್ಲ ಅನ್ನಲ್ಲ."

"ಮತ್ತೆ ಅವತ್ತು ಯಾಕೇ ಮಧ್ಯೆ ಬಂದೆ? ನನ್ನ ಉಳಿಸೋಕಾ?"

ಅವಳು ನಕ್ಕಳು. "ನಿನ್ನ ಉಳಿಸೋಕೆ ನನಗೇನು ಹುಚ್ಚೇ? ಹೊಟ್ಟೆಕಿಚ್ಚಕ್ಕ. ಆ ಮನೇಲಿ ಬೀಗದ ಕೈ ನಿಂದು, ಇಸ್ತ್ರಿ ನಿಂದು, ಅತ್ತೆ ಬಾಯಲ್ಲಿ ದಿನಾ ನಿನ್ನದೇ ಹೆಸರು. ಜೈಲಿಗೂ ನೀನೇ ಹೋಗಿ ಹೆಸರು ಮಾಡ್ಕೊಂಡು ಬಂದ್ರೆ ನನಗೆ ಏನು ಉಳೀತಿತ್ತು, ಹೇಳು? ಅದೊಂದನ್ನಾದ್ರೂ ಕಿತ್ಕೊಳ್ಳೋಣ ಅನ್ನಿಸ್ತು."

ನಾನು ಇಸ್ತ್ರಿ ಎಳೆಯೋದು ಬಿಟ್ಟು ಅವಳ ಮುಖ ನೋಡಿದೆ.

"ಅಲ್ಲಿ ಏನು ಮಾಡಿಸಿದ್ರು ಗೊತ್ತಾ? ಜೈಲರ್ ಬಟ್ಟೆ ಇಸ್ತ್ರಿ! ಸುಟ್ಟಾಗಲೆಲ್ಲ ಒದೆ ತಿಂದೆ. ನಮ್ಮಕ್ಕ ಆಗಿದ್ರೆ ಸುಡ್ತಿರಲಿಲ್ಲ ಅಂತ ಅಲ್ಲೂ ನಿನ್ನ ನೆನೆದು ಉರ್ಕೊಂಡೆ. ನೋಡಿಲ್ಲಿ."

ರವಿಕೆಯ ತೋಳು ಮೇಲಕ್ಕೆ ಮಡಚಿ ತೋರಿಸಿದಳು. ಮೊಣಕೈ ಮೇಲೆ ಕಾದ ಕಬ್ಬಿಣದ ಬರೆ, ತ್ರಿಕೋನವಾಗಿ. ಇಷ್ಟು ವರ್ಷ ಅವಳು ಉದ್ದ ತೋಳಿನ ರವಿಕೆಯನ್ನೇ ಯಾಕೆ ತೊಡ್ತಿದ್ದಳು ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ಆಗ ವಾಸನೆ ಬಂತು. ಮೈಮರೆತು ಇಸ್ತ್ರಿಪೆಟ್ಟಿಗೆಯನ್ನು ಶಾಲಿನ ಮೇಲೇ ಬಿಟ್ಟಿದ್ದೆ. ಎತ್ತಿ ನೋಡಿದರೆ ನಟ್ಟನಡುವೆ ಕಂದು ಕಲೆ. ಈ ಜನ್ಮದಲ್ಲಿ ಒಂದು ಕರವಸ್ತ್ರ ಸುಟ್ಟವಳಲ್ಲ ನಾನು!

ಹೊರಗೆ ಕರೆದೊಯ್ಯೋ ಕಾರು ಹಾರನ್ ಹೊಡೀತಿತ್ತು. ಅವಳು ಶಾಲು ತಗೊಂಡು ಕಲೆ ಕಾಣೋ ಹಾಗೇ ಹೊದ್ದುಕೊಂಡಳು.

"ಬಿಡಕ್ಕ. ಯಾರಾದ್ರೂ ಕೇಳಿದ್ರೆ ನಾನೇ ಸುಟ್ಟೆ ಅಂತೀನಿ."

"ಬಾಯಿ ಮುಚ್ಚೇ!" ಅಂತ ಕಿರುಚಿದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. "ಇದು ನಂದು. ಇದನ್ನಾದ್ರೂ ನನಗೆ ಬಿಡು."