ತಲೆಯಿಂದ ‘ಬೇಕು’ ಹೋದದ್ದು

ಕನ್ನಡ ಜಿಲ್ಲೆಗಳೆಲ್ಲ ಒಂದಾದ ವರ್ಷ. ಮೇಲವಂಕಿಯಿಂದ ಕುರಿ ಹೊಡೆದುಕೊಂಡು ಹೊರಟವನು ದಾರಿ ಒಡೆಯುವಲ್ಲಿ ನಿಂತುಬಿಟ್ಟೆ. ನಾಗನೂರಿನ ಕಡೆಗೋ, ಮೂಡಲಗಿಯ ಕಡೆಗೋ? ಎರಡೂ ದಾರಿ ಗೊತ್ತು. ಎಲ್ಲಿ ಮೇವು, ಎಲ್ಲಿ ನೀರು, ಅದೂ ಗೊತ್ತು. ಕಾಲು ಏಳಲಿಲ್ಲ. ಅಷ್ಟರಲ್ಲಿ ಕುರಿಗಳು ಬಾಜೂ ಜೋಳದ ಹೊಲಕ್ಕೆ ನುಗ್ಗಿದವು. ಹೊಲದವನು ನನ್ನ ಕೋಲನ್ನೇ ಕಸಿದು ಹೊಡೆದ. ಓಡಬೇಕೋ, ಕೈಮುಗಿಯಬೇಕೋ ತಿಳಿಯಲಿಲ್ಲ.

ನಿಂತೇ ಹೊಡೆತ ತಿಂದೆ.

ಊರಿಗೆ ಆಟವಾಯಿತು. ಚಹಾದಂಗಡಿಯಲ್ಲಿ ಒಂದು ಕೈಯಲ್ಲಿ ಬೀಡಿ, ಇನ್ನೊಂದರಲ್ಲಿ ಬೆಲ್ಲದ ಚೂರು ಹಿಡಿದು ಮುಂದೆ ಚಾಚುತ್ತಿದ್ದರು.

“ಯಾವ್ದ ಬೇಕೋ ಮುದುಕಾ? ಲಗೂನ ಹೇಳು, ಕೈ ಸೋತ್ವು!”

ನಾನು ನೋಡುತ್ತ ನಿಲ್ಲುತ್ತಿದ್ದೆ.

ತಮ್ಮ ಭೀಮಪ್ಪ ನಗಲಿಲ್ಲ. ತಲೆಯಲ್ಲಿ ಗುಳ್ಳೆಯಾಗಿ ನಿಂತಲ್ಲೇ ಸುತ್ತುವ ಕುರಿಗೆ ನಾವು ಕುರುಬರು ನೆತ್ತಿಗೆ ಬರೆ ಹಾಕುತ್ತೇವೆ. “ಅಣ್ಣಗೂ ಅದ ಬ್ಯಾನಿ ಐತಿ, ಹಿಡೀರಿ” ಎಂದು ಕುಡುಗೋಲು ಕಾಯಿಸಿದ. ಬ್ಯಾಡ ಎಂದು ಕೂಗಲೂ ಆಗಲಿಲ್ಲ. ಚರ್ಮ ಸುಟ್ಟ ವಾಸನೆ ಮೊದಲು ಬಂತು, ನೋವು ಆಮೇಲೆ.

ಹೆಂಡತಿ ಮಾಯವ್ವ ಮಿರಜಿನ ದವಾಖಾನೆಗೆ ಒಯ್ದಳು. ಹಣೆಯ ಹಿಂದೆ ಟ್ಯೂಮರ್ ಬೆಳೆದು ಮೆದುಳನ್ನು ಒತ್ತುತ್ತಿದೆ ಎಂದರು ಡಾಕ್ಟರ್.

“ನಿಮ್ಮ ಮನಿಯವರ ಬುದ್ಧಿ ಹೋಗಿಲ್ಲವ್ವಾ. ಎರಡೂ ದಾರಿ ತಿಳಿತಾವ. ಆದ್ರ ಇದ ಬೇಕು ಅನ್ನೋ ಸೆಳೆತ ಹುಟ್ಟವಲ್ದು. ಅದಿಲ್ದ ತಲಿ ನಿರ್ಧಾರ ಮಾಡಂಗಿಲ್ಲ.”

ಆಪರೇಶನ್‌ಗೆ ಒಪ್ಪಿಗೆ ಕೇಳಿದರು. ನಾನು ಮಾಯವ್ವನ ಮುಖ ನೋಡಿದೆ.

“ಸತ್ರ?” ಎಂದಳು ಮಾಯವ್ವ.

“ಸಾಯಬಹುದು.”

“ಮಾಡ್ರಿ ಸಾಹೇಬ್ರ. ಮಂದಿ ಕೈಯಾಗ ಆಟಿಗಿ ಸಾಮಾನ ಆಗಿ ಬದುಕೂದು ಬ್ಯಾಡ.”

ಬದುಕಿದೆ. ಆದರೆ ಎರಡು ಅಂಗಿ ಮುಂದಿಟ್ಟರೆ ಇಂದಿಗೂ ತಡವರಿಸುತ್ತೇನೆ. ಗಡ್ಡೆ ಮತ್ತೆ ಬೆಳೆಯಬಹುದು ಎಂದೂ ಡಾಕ್ಟರ್ ಹೇಳಿ ಕಳಿಸಿದ್ದಾರೆ.

ಹುಕ್ಕೇರಿಗೆ ಕೊಟ್ಟ ಮಗಳು ಮೊನ್ನೆ ನಮ್ಮ ಮನೆಯಲ್ಲೇ ಹಡೆದಳು. ಮೊಮ್ಮಗಳು! ಕರ್ರಗಿನ, ಗುಂಗುರು ಕೂದಲಿನ, ಓಣಿಯನ್ನೆಲ್ಲ ಎಬ್ಬಿಸುವ ದನಿಯ ಹುಡುಗಿ. ಅವಳು ಅತ್ತಾಗ ತೊಟ್ಟಿಲ ಹತ್ತಿರ ಹೋದೆ. ಭೀಮಪ್ಪ ಅಡ್ಡ ಬಂದ.

“ನೀ ಮುಟ್ಟಬ್ಯಾಡಣ್ಣ. ಎತ್ಲೋ ಬಿಡ್ಲೋ ಅಂತ ನಡುವ ನಿಂತು ಕೂಸಿನ್ನ ಕೆಡವತಿ.”

“ಬಾಜೂಕ ಸರಿ! ನನಗ ಬೇಕು!”

ಅಂದದ್ದು ನಾನೇ. ಕೂಸೇ ಹೆದರಿ ಅಳು ನಿಲ್ಲಿಸಿತು. ಮಾಯವ್ವ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು.

ಗಡ್ಡೆ ಬೆಳೆದರೆ ಬೆಳೆಯಲಿ. ಈಗ ಕೂಸು ನನ್ನ ತೊಡೆಯ ಮೇಲಿದೆ. ಹಾಲು ಕುಡಿಸಬೇಕು ಕೊಡಪ್ಪಾ ಎಂದು ಮಗಳು ಕೇಳುತ್ತಿದ್ದಾಳೆ.

ಇನ್ನೂ ಕೊಟ್ಟಿಲ್ಲ.