ಚೌಕಕ್ಕೊಬ್ಬ ಕ್ಷತ್ರಪ

ನನ್ನ ತಮ್ಮ ಜಹಾನ್‌ಬಖ್ಶನಿಗೆ ಬಾಯಿ ಇರಲಿಲ್ಲ, ಸೀಟಿ ಇತ್ತು. ಮರ್ವ್‌ದಶ್ತಿನ ಸಕ್ಕರೆ ಕಾರ್ಖಾನೆಯ ಚೌಕದಲ್ಲಿ ಬಿಳಿ ಕೈಗವಸು ಹಾಕಿಕೊಂಡು ನಿಂತು ಒಮ್ಮೆ ಊದಿದನೆಂದರೆ ಸಕ್ಕರೆ ತೆಗೆಯುವ ಬೀಟ್ ಗೆಡ್ಡೆ ತುಂಬಿದ ಲಾರಿಗಳು ನಿಂತಲ್ಲೇ ನಿಲ್ಲುತ್ತಿದ್ದವು. ಮನೆಗೆ ಬಂದರೆ ಮಾತ್ರ ಉಪ್ಪು ಬೇಕೆಂದರೂ ಕೈಯಲ್ಲೇ ತೋರಿಸುವ ಆಸಾಮಿ. ಹೆಂಡತಿ ತೀರಿಕೊಂಡ ಮೇಲಂತೂ ಪೂರ್ತಿ ಮೂಕನಾದ. ಇಂಥವನು ತೂಬಾ ಖಾನಂಳ ಮೇಲೆ ಮನಸ್ಸಿಟ್ಟಿದ್ದ.

ತೂಬಾ ಅದೇ ಚೌಕದ ಮೂಲೆಯಲ್ಲಿ ಆಶ್ ಮಾರುತ್ತಿದ್ದ ವಿಧವೆ. ಸೊಪ್ಪು, ಕಾಳು, ಗೋಧಿ ಹಾಕಿ ಅವಳು ಕುದಿಸಿದ ಗಟ್ಟಿ ಗಂಜಿಯನ್ನು ಬೆಳಗಾಗೆದ್ದು ಒಂದು ಬಟ್ಟಲು ಕುಡಿಯದಿದ್ದರೆ ನಮ್ಮ ಕೇರಿಯವರಿಗೆ ಕೆಲಸಕ್ಕೆ ಕೈ ಏಳದು. ತಮ್ಮನೂ ದಿನಾ ಹೋಗುತ್ತಿದ್ದ. ಕುಡಿದು, ಬಟ್ಟಲು ವಾಪಸು ಕೊಟ್ಟು, “ನಿಮ್ಮ ಕೈ ನೋಯದಿರ್ಲಿ ಖಾನಂ” ಅನ್ನುತ್ತಿದ್ದ. ಅವಳು “ನಿಮ್ಮ ತಲೆ ನೋಯದಿರ್ಲಿ ಸರ್ಕಾರ್” ಅನ್ನುತ್ತಿದ್ದಳು. ಊರಿನವರೆಲ್ಲ ಪರಸ್ಪರ ಹೇಳಿಕೊಳ್ಳುವ ಮಾತೇ ಅದು; ಪೇದೆಯಾದವನನ್ನು ಸರ್ಕಾರ್ ಎನ್ನುವುದೂ ಊರ ವಾಡಿಕೆಯೇ. ವರ್ಷಾನುಗಟ್ಟಲೆ ಇವರಿಬ್ಬರ ಸಲ್ಲಾಪ ಅಷ್ಟರಲ್ಲೇ ಇತ್ತು.

ನಿವೃತ್ತಿಯಾದ ಕೂಡಲೇ ಹೆಣ್ಣು ಕೇಳಲು ಹೋಗೋಣ ಎಂದು ನಾನು ಅವನನ್ನು ಒಪ್ಪಿಸಿದ್ದೆ. ಅವನು ನಿವೃತ್ತನಾದನೋ ಇಲ್ಲವೋ, ಅವನ ಇಲಾಖೆಯೇ ಇಲ್ಲವಾಯಿತು. ಪೊಲೀಸ್ ಇಲಾಖೆಗೆ ನಮ್ಮಲ್ಲಿ ಶಹರ್‌ಬಾನಿ ಎನ್ನುತ್ತಿದ್ದರು. ಗಡಿಯಲ್ಲಿ ಎಂಟು ವರ್ಷ ನಡೆದ ಯುದ್ಧ ಮುಗಿದ ಮೇಲೆ ಮೂರ್ನಾಲ್ಕು ಪಡೆಗಳನ್ನು ಕೂಡಿಸಿ, ಹೊಸ ಹೆಸರಿಟ್ಟು, ಹಳೆಯ ಬೋರ್ಡು ಇಳಿಸಿದರು. ನನ್ನ ತಮ್ಮ ಠಾಣೆಯ ಎದುರಿಗೆ ನಿಂತು ಅದನ್ನು ನೋಡಿ ಬಂದ. ಬಂದವನು ಗೋಡೆಗೆ ಮುಖ ಮಾಡಿ ಮಲಗಿದ.

“ಅವಳ ಮನೆಗೆ ಹೋಗಿ ಏನಂತ ಹೇಳ್ಕೊಳ್ಳಲಿ ಅಕ್ಕ? ಇಲ್ಲದ ಇಲಾಖೆಯ ಮಾಜಿ ಪೇದೆ ಅಂತಾನಾ?”

ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಕೇಳಿ ನನಗೆ ಗಾಬರಿಯಾಯಿತು. ಅದರ ಮೇಲೆ ಇನ್ನೊಂದು ಸುದ್ದಿ ಬಂತು. ಕಾಜೆರೂನಿನ ಲಾರಿ ಮಾಲೀಕನೊಬ್ಬ ಹೊಸ ವರ್ಷದ ನೌರೂಜ್ ಹಬ್ಬ ಕಳೆದ ಮೇಲೆ ತೂಬಾಳನ್ನು ಕೇಳಲು ಬರುತ್ತಾನಂತೆ. ಹಬ್ಬಕ್ಕೆ ಇನ್ನೊಂದೇ ತಿಂಗಳಿತ್ತು. ನಾನು ಚಾದರ ಹೊದ್ದು ಸೀದಾ ಖುದಾರಹಮ್ ಮೇಷ್ಟರ ಬಳಿ ಹೋದೆ. ಶಾಲೆಯಲ್ಲಿ ಇತಿಹಾಸ ಹೇಳುವವರು, ಬಿಡುವಿನಲ್ಲಿ ಊರವರ ಕಾಲೆಳೆಯುವವರು. ನನ್ನ ತಮ್ಮನಿಗೆ ಒಂದಿಷ್ಟು ಧೈರ್ಯ ತುಂಬಿ ಎಂದು ಕೇಳಿಕೊಂಡೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ ಎನ್ನುವುದು ಆಗ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ತೂಬಾಳ ಅಂಗಡಿಯಲ್ಲಿ ಮೇಷ್ಟರು ಶುರುಮಾಡಿದರು.

“ಶಹರ್‌ಬಾನಿ ಅಂದ್ರೆ ಸಣ್ಣ ಮಾತು ಅಂದ್ಕೊಂಡ್ರಾ ಸರ್ಕಾರ್? ಎರಡೂವರೆ ಸಾವಿರ ವರ್ಷದ ಹಿಂದೆ, ದಾರಾ ಬಾದಶಹರ ಕಾಲದಲ್ಲಿ ರಾಜ್ಯಕ್ಕೆ ಕ್ಷತ್ರ ಅಂತಿದ್ರು. ಅದನ್ನ ಕಾಯೋನು ಕ್ಷತ್ರಪಾವನ್. ಈಜಿಪ್ಟಿಗೊಬ್ಬ, ಬಾಬಿಲೋನಿಗೊಬ್ಬ. ಗ್ರೀಕರಿಗೆ ನಾಲಿಗೆ ಹೊರಳ್ದೆ ಸತ್ರಪ ಅಂದ್ರು, ಹಿಂದೂಸ್ತಾನದವರು ಕ್ಷತ್ರಪ ಅಂದ್ರು. ನಮ್ಮೋರ ಬಾಯಲ್ಲಿ ಅದೇ ಕ್ಷತ್ರ ಸವೆದೂ ಸವೆದೂ ಶಹರ್ ಆಯ್ತು, ಕಾಯೋನು ಶಹರ್‌ಬಾನ್ ಆದ. ನೀವು ತಲೆ ಮೇಲಿಟ್ಟಿದ್ದ ಟೋಪಿ ಅವರದ್ದೇ ಸ್ವಾಮಿ!”

“ಹಾಗಾದ್ರೆ ನಾನು…?”

“ಕ್ಷತ್ರಪ!”

ತಮ್ಮನ ಬೆನ್ನು ನೆಟ್ಟಗಾಯಿತು. ಬಟ್ಟಲು ಕೊಟ್ಟು ಎದ್ದೇ ಬಿಟ್ಟ. ಮೇಷ್ಟರ ಮಾತು ಅರ್ಧಕ್ಕೇ ಉಳಿಯಿತು. ಒಂದು ಕಾಲಕ್ಕೆ ಇಡೀ ದೇಶವೇ ಶಹರ್, ಆಮೇಲೆ ಒಂದು ಪ್ರಾಂತ್ಯ, ಆಮೇಲೆ ಒಂದು ಊರು, ಹೀಗೆ ಪದ ಕುಗ್ಗುತ್ತ ಬಂದು ಕೊನೆಗೆ ಇವನ ಚೌಕದಲ್ಲಿ ಬಂದು ನಿಂತಿತು ಎನ್ನುವ ಅರ್ಧವನ್ನು ಅಂಗಡಿಯವರೆಲ್ಲ ಕೇಳಿ ನಕ್ಕರು. ಕೇಳಬೇಕಾದವನು ಮಾತ್ರ ಬೀದಿಯಲ್ಲಿದ್ದ.

ಆ ಶುಕ್ರವಾರ ಅವನು ಒಬ್ಬನೇ, ಊರ ಪಕ್ಕದಲ್ಲಿ ದಾರಾ ಬಾದಶಹರು ಕಟ್ಟಿಸಿದ ತಖ್ತೆ ಜಮ್‌ಶೀದಿಗೆ ಹೋದ. ಅರಮನೆ ಬಿದ್ದು ಯಾವ ಕಾಲವಾಯಿತೋ, ಕಲ್ಲಿನ ಮೆಟ್ಟಿಲು ಗಟ್ಟಿಯಾಗಿದೆ. ನಾವು ಚಿಕ್ಕವರಿದ್ದಾಗ ಅಲ್ಲಿ ಕಲ್ಲಂಗಡಿ ತಿಂದು ಬೀಜ ಉಗಿದವರು. ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ನಾನಾ ದೇಶದವರು ಸಾಲಾಗಿ ಕಾಣಿಕೆ ತರುವ ಕೆತ್ತನೆ ಇದೆ. ಒಬ್ಬನ ಕೈಯಲ್ಲಿ ಟಗರು, ಇನ್ನೊಬ್ಬನದರಲ್ಲಿ ಹೂಜಿ, ಮತ್ತೊಬ್ಬನ ಹಿಂದೆ ಒಂಟೆ. ತಮ್ಮ ಸಂಜೆಯ ತನಕ ಅದನ್ನೇ ನೋಡಿದನಂತೆ. ಅಲ್ಲಿಂದ ಅವನ ನಡಿಗೆಯೇ ಬದಲಾಯಿತು.

ನಮ್ಮಲ್ಲೊಂದು ಉಪಚಾರವಿದೆ. ನಿಮ್ಮ ವಸ್ತುವನ್ನು ಯಾರಾದರೂ ಚೆನ್ನಾಗಿದೆ ಎಂದರೆ ನೀವು ತಕ್ಷಣ “ಪೇಶ್ಕಶ್, ನಿಮಗೇ ಕಾಣಿಕೆ” ಎನ್ನಬೇಕು. ಅವರು “ಅಯ್ಯೋ ಬೇಡ, ನಿಮ್ಮ ಹತ್ತಿರವೇ ಚಂದ” ಎನ್ನಬೇಕು. ನೀವು ಬಲವಂತ ಮಾಡಬೇಕು, ಅವರು ಮತ್ತೆ ಬೇಡ ಎನ್ನಬೇಕು. ಮೂರು ಸಲ ಹೀಗೆ ಆದ ಮೇಲೆ ಇಬ್ಬರೂ ತೃಪ್ತಿಯಿಂದ ಚಹಾ ಕುಡಿಯಬೇಕು. ವಸ್ತು ಇದ್ದಲ್ಲೇ ಇರುತ್ತದೆ. ಮಾತು ಬಾರದ ಮಗುವಿಗೂ ಇದು ಗೊತ್ತು.

ತಮ್ಮ ಕ್ಷೌರಕ್ಕೆ ಹೋದಾಗ ಕ್ಷೌರಿಕ ನಬಿಯುಲ್ಲಾನ ಹಳದಿ ಹಕ್ಕಿ ಹಾಡುತ್ತಿತ್ತು.

“ಎಷ್ಟು ಚೆನ್ನಾಗಿ ಹಾಡುತ್ತೆ!” ಎಂದ.

“ಪೇಶ್ಕಶ್ ಸರ್ಕಾರ್, ನಿಮ್ದೇ” ಎಂದ ನಬಿಯುಲ್ಲಾ, ಕತ್ತರಿಯ ಕಡೆಗೇ ಕಣ್ಣಿಟ್ಟು.

“ಸ್ವೀಕರಿಸಿದೆ” ಎಂದು ನನ್ನ ತಮ್ಮ ಪಂಜರ ಎತ್ತಿಕೊಂಡು ಮನೆಗೆ ಬಂದ.

ನಬಿಯುಲ್ಲಾ ಕತ್ತರಿ ಹಿಡಿದೇ ಬೀದಿಯ ತನಕ ಹಿಂದೆ ಬಂದನಂತೆ. ಕೊಟ್ಟೆ ಎಂದ ಮೇಲೆ ವಾಪಸು ಕೇಳಲು ಯಾವ ಮಾನವಂತನಿಗೆ ಬಾಯಿ ಬರುತ್ತದೆ? ಆಮೇಲೆ ರೊಟ್ಟಿ ಅಂಗಡಿಯವನ ಕಸೂತಿ ದಿಂಬು ಬಂತು. ಆಮೇಲೆ ಮೇಷ್ಟರ ಉಣ್ಣೆಯ ಶಾಲು. ಮೇಷ್ಟರು ಚಳಿಯಲ್ಲಿ ನಡುಗುತ್ತ ಶಾಲೆಗೆ ಹೋಗುವುದನ್ನು ನೋಡಿ ನನಗೆ ನಗು ಬಂತು, ಸುಳ್ಳೇಕೆ ಹೇಳಲಿ. ಸರ್ಕಾರ್ ಬಂದ ಎಂದರೆ ಬಜಾರಿನವರು ಒಳ್ಳೆಯ ಸಾಮಾನನ್ನೆಲ್ಲ ಗೋಣಿಚೀಲದ ಕೆಳಗೆ ತಳ್ಳುವ ಸ್ಥಿತಿ ಬಂತು. ನಾನೂ ಬೈದೆ.

“ಲೋ, ನಾಚಿಕೆ ಅನ್ನೋದನ್ನ ಎಲ್ಲಿ ಬಿಟ್ಟೆ?”

“ನಾನು ಕೇಳಿದ್ನಾ ಅಕ್ಕ? ಅವರೇ ಕೊಡ್ತಾರೆ. ಕ್ಷತ್ರಪರಿಗೆ ಕೊಡೋದು ಜನರ ವಾಡಿಕೆ.”

ಆದರೆ ಅವನು ಹೊಸದಾಗಿ ಮಾತು ಕಲಿತ ಮಗುವಿನಂತೆ ದಿನವಿಡೀ ಮಾತಾಡುತ್ತಿದ್ದ, ನಗುತ್ತಿದ್ದ. ಅದಕ್ಕೇ ನಾನು ಗಟ್ಟಿಯಾಗಿ ಗದರಲಿಲ್ಲ. ತೂಬಾಳನ್ನು ಕೇಳುವಷ್ಟು ಧೈರ್ಯ ಇನ್ನೇನು ಬಂದೇ ಬಿಡುತ್ತದೆ ಎಂದುಕೊಂಡಿದ್ದೆ.

ಧೈರ್ಯ ಬಂತು. ಹಬ್ಬಕ್ಕೆ ಒಂದು ವಾರವಿದ್ದಾಗ ಮೀಸೆ ತೀಡಿಕೊಂಡು ಅವಳ ಅಂಗಡಿಗೆ ಹೋದ. ಅವಳ ಮುಖ ನೋಡಿದ್ದೇ ಹಳೆಯ ಮೂಕತನ ಮರಳಿತು. ಏನಾದರೂ ಹೇಳಬೇಕಲ್ಲ ಎಂದು ಒಲೆಯ ಮೇಲಿದ್ದ ತಾಮ್ರದ ಹಂಡೆ ನೋಡಿ, “ಹಂಡೆ ಬಹಳ ಚೆನ್ನಾಗಿದೆ ಖಾನಂ” ಎಂದ. ಅವಳಪ್ಪ ಅವಳಿಗೆ ಬಿಟ್ಟುಹೋದ ಹಂಡೆ ಅದು.

“ಪೇಶ್ಕಶ್” ಎಂದಳು ತೂಬಾ.

ಅಭ್ಯಾಸಬಲದಿಂದ ತಮ್ಮ “ಸ್ವೀಕರಿಸಿದೆ” ಎಂದ. ಉಳಿದ ಆಶನ್ನು ಬಟ್ಟಲುಗಳಿಗೆ ಬಗ್ಗಿಸಿ, ಹಂಡೆ ತಲೆಯ ಮೇಲೆ ಹೊತ್ತು ಬಂದೇ ಬಿಟ್ಟ ಕತ್ತೆ!

ಮರುದಿನ ಚೌಕದಲ್ಲಿ ಆಶ್ ಇಲ್ಲ. ತೂಬಾ ನನ್ನ ಮನೆಯ ಬಾಗಿಲಿಗೆ ಬಂದಳು, ಒಳಗೆ ಕಾಲಿಡಲಿಲ್ಲ.

“ಸುಲ್ತಾನಕ್ಕ, ಮಾತಾಡದ ಗಂಡಸು ಪರವಾಗಿಲ್ಲ ಅಂತ ಇಷ್ಟು ವರ್ಷ ಕಾದೆ. ಕಿತ್ಕೊಳ್ಳೋ ಗಂಡಸು ನನಗೆ ಬೇಡ. ಕಾಜೆರೂನಿನವರಿಗೆ ಬನ್ನಿ ಅಂತ ಹೇಳಿ ಕಳಿಸ್ತೀನಿ.”

“ನೌರೂಜಿನ ದಿನ ಒಂದ್ಸಲ ಬಾ ತಾಯಿ. ಆಮೇಲೆ ನಿನ್ನಿಷ್ಟ” ಎಂದೆ. ತಪ್ಪೆಲ್ಲ ಅವನದು, ಆದರೂ ಅವನು ಒಂಟಿಯಾಗಿ ಮುದುಕನಾಗುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಹಬ್ಬದ ದಿನ ಕೇರಿಯವರು ಮೊದಲು ಹಿರಿಯರ ಮನೆಗೆ ಬರಬೇಕು. ಕೇರಿಗೆ ಹಿರಿಯಳು ನಾನೇ. ಬರುವವರಿಗೆಲ್ಲ ಏನು ಮಾಡಬೇಕೆಂದು ಮೊದಲೇ ಕಿವಿಯಲ್ಲಿ ಊದಿದ್ದೆ. ಮೊಳಕೆ ಬರಿಸಿದ ಗೋಧಿಯ ತಟ್ಟೆ, ಸೇಬು, ಬೆಳ್ಳುಳ್ಳಿ ಇಟ್ಟ ಹಬ್ಬದ ಹಾಸಿನ ಸುತ್ತ ತಮ್ಮ ತನ್ನ ಕಾಣಿಕೆಗಳನ್ನೂ ಚಂದವಾಗಿ ಜೋಡಿಸಿದ್ದ.

ನಬಿಯುಲ್ಲಾ ಮಿಠಾಯಿ ಬಾಯಿಗೆ ಹಾಕಿಕೊಂಡು, “ಅಬ್ಬಾ, ಎಂಥಾ ಹಕ್ಕಿ!” ಎಂದ.

ಹಬ್ಬದ ದಿನ, ಅದೂ ಮನೆಯ ಯಜಮಾನ. ತಮ್ಮ ಬೇರೇನು ಹೇಳಿಯಾನು? “ಪೇಶ್ಕಶ್” ಎಂದ.

“ಸ್ವೀಕರಿಸಿದೆ” ಎಂದು ನಬಿಯುಲ್ಲಾ ಪಂಜರ ಎತ್ತಿದ.

ರೊಟ್ಟಿಯವನು ದಿಂಬು ಹೊಗಳಿ ಕಂಕುಳಲ್ಲಿ ಇಟ್ಟುಕೊಂಡ. ಮೇಷ್ಟರು ಶಾಲು ಹೊಗಳಿ ಅಲ್ಲೇ ಹೊದ್ದುಕೊಂಡು, “ಅವತ್ತು ಅರ್ಧಕ್ಕೇ ಎದ್ದು ಹೋದ್ರಲ್ಲ ಸರ್ಕಾರ್. ಆ ಪದದಲ್ಲಿ ಪಾವನ್ ಅಂದ್ರೆ ಕಾಯೋನು. ರಾಜ್ಯ ಹೋಗಿ ಚೌಕ ಉಳಿದ್ರೂ ಕಾಯೋದು ಕಾಯೋದೇ. ತಗೊಳ್ಳೋನು ಅಂತ ಯಾವ ಕಾಲದಲ್ಲೂ ಅರ್ಥ ಇರ್ಲಿಲ್ಲ” ಎಂದರು.

ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ತಮ್ಮನ ಮುಖ ಸುಣ್ಣದಂತಾಯಿತು. ಆಗ ತೂಬಾ ಒಳಗೆ ಬಂದಳು. ಅವನು ಎದ್ದು ನಿಂತ.

“ಖಾನಂ, ನೀವು ಹೊಗಳೋ ತನಕ ಕಾಯೋದಿಲ್ಲ. ನಿಮ್ಮ ಹಂಡೆ ತಗೊಂಡು ಹೋಗಿ. ಅವತ್ತು ನಾನು ಹಂಡೆಗಾಗಿ ಬಂದಿರ್ಲಿಲ್ಲ. ಕೇಳ್ಬೇಕಾಗಿದ್ದು ಬಾಯಿಗೆ ಬರ್ಲಿಲ್ಲ. ನನ್ನದು ತಪ್ಪಾಯ್ತು.”

“ಅಯ್ಯೋ ಬೇಡ, ನಿಮ್ಮ ಹತ್ತಿರವೇ ಚಂದ” ಎಂದಳು ತೂಬಾ. ಅವನು ಕೈಮುಗಿದು ಬೇಡಿಕೊಂಡ. ಅವಳು ಮತ್ತೆ ಬೇಡ ಎಂದಳು. ಅವನ ಹಣೆ ಬೆವರಿತು. ಮೂರನೆಯ ಸಲ ಬೇಡ ಎಂದ ಮೇಲೇ ಅವಳು ಹಂಡೆಯ ಕಿವಿ ಹಿಡಿದದ್ದು. ಮಾನ ಇಟ್ಟುಕೊಂಡು ಹೇಗೆ ತೆಗೆದುಕೊಳ್ಳಬೇಕೆಂದು ಊರಿಗೆಲ್ಲ ತೋರಿಸಿಕೊಟ್ಟಳು. ಆಮೇಲೆ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನನ್ನ ಕಡೆ ತಿರುಗಿದಳು.

“ಸುಲ್ತಾನಕ್ಕ, ನಿಮ್ಮ ತಮ್ಮ ಚೆನ್ನಾಗಿದ್ದಾರೆ.”

ಎಲ್ಲರೂ ನನ್ನ ಕಡೆ ತಿರುಗಿದರು.

“ಪೇಶ್ಕಶ್” ಎಂದೆ.

ತೂಬಾ ಒಂದು ಸಲವೂ ಬೇಡ ಎನ್ನಲಿಲ್ಲ.