ನಕ್ಷತ್ರ ಹೊತ್ತ ಸೊಸೆ

ವಯನಾಡು ಹೊಸದಾಗಿ ಜಿಲ್ಲೆಯಾದ ಕಾಲದಲ್ಲಿ ನಾನು ಮೈಸೂರು ಕಡೆಯಿಂದ ಪನಮರಂ ಹತ್ತಿರದ ಜೈನರ ಮನೆಗೆ ಸೊಸೆಯಾಗಿ ಬಂದೆ. ಭಾಷಾಶಾಸ್ತ್ರದ ಎಂ.ಎ. ಅರ್ಧಕ್ಕೆ ನಿಂತಿತ್ತು, ಮುಗಿಸಿಯೇ ತೀರುವ ಹಟ ನನ್ನದು. ವಾರಕ್ಕೆರಡು ದಿನ ಕಲ್ಪೆಟ್ಟದ ಗ್ರಂಥಾಲಯಕ್ಕೆ ಹೋಗಲು ಅತ್ತೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಉಣ್ಣುವುದಿಲ್ಲ, ಅಷ್ಟರೊಳಗೆ ನಾನು ಮನೆಯಲ್ಲಿ ಎಲೆಯ ಮುಂದೆ ಕೂತಿರಬೇಕು. ಒಂದು ದಿನ ತಪ್ಪಿದರೂ ಓದು ಬಂದ್.

ಒಂದು ದಿನ ತಪ್ಪಿತು. ಪುಸ್ತಕದಲ್ಲಿ ‘ಸ್ನುಸೋಸ್’ ಎಂಬ ಪದ ಸಿಕ್ಕಿತ್ತು, ಪಕ್ಕದಲ್ಲೊಂದು ನಕ್ಷತ್ರ. ಯಾವ ಬರಹದಲ್ಲೂ ಸಿಗದ, ಪಂಡಿತರು ಊಹಿಸಿ ಕಟ್ಟಿದ ಪದ ಎಂಬುದಕ್ಕೆ ಆ ಗುರುತು. ಅದರ ಮಕ್ಕಳು ಲ್ಯಾಟಿನ್ನಿನಲ್ಲಿ ನುರುಸ್, ರಷ್ಯನ್ನಿನಲ್ಲಿ ಸ್ನೊಖಾ, ಸಂಸ್ಕೃತದಲ್ಲಿ ಸ್ನುಷಾ. ಸ್ನುಷಾ ಸವೆದು ಸವೆದು ನಮ್ಮ ಸೊಸೆ. ಇದನ್ನೆಲ್ಲ ಬರೆದುಕೊಳ್ಳುವ ಸಂಭ್ರಮದಲ್ಲಿ ಈ ಮನೆಯ ಸೊಸೆ ಬಸ್ಸು ತಪ್ಪಿಸಿಕೊಂಡಳು.

ಮುಂದಿನ ಬಸ್ಸು ಹಿಡಿದು, ಅರ್ಧ ಗಂಟೆ ನಡೆದು ಮನೆ ಮುಟ್ಟಿದಾಗ ದೀಪ ಹಚ್ಚಿಯಾಗಿತ್ತು. ಅತ್ತೆ ಜಗಲಿಯಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ನನಗಾಗಿ ಕಾದು ಅವರೂ ಉಂಡಿರಲಿಲ್ಲ. ನಾಚಿಕೆಯಿಂದ ನನಗೆ ಅಳು ಬಂತು. ಅಷ್ಟೊಂದು ಏನು ಓದುತ್ತಿದ್ದೆ ಎಂದು ಕೇಳಿದರು. ಇನ್ನು ಮುಚ್ಚಿಡುವುದೇನು ಎಂದು ಆ ಪದದ ಕಥೆಯನ್ನೆಲ್ಲ ಹೇಳಿದೆ. ಅದನ್ನು ಮೊದಲು ಆಡಿದವರು ಎಲ್ಲಿಯವರು ಎಂದರು. ಸಾವಿರಾರು ವರ್ಷದ ಹಿಂದಿನವರು, ದನ ಸಾಕುತ್ತಿದ್ದರಂತೆ, ಹೆಚ್ಚೇನೂ ಗೊತ್ತಿಲ್ಲ ಎಂದೆ.

ಅತ್ತೆಯ ಮುಖದ ಗಂಟು ಸಡಿಲಿತು.

“ಅವ್ರ ಊರು ಹೋಯ್ತು, ಹೆಸ್ರು ಹೋಯ್ತು. ಸೊಸೆ ಮಾತ್ರ ಉಳ್ಕೊಂಡ್ಳಲ್ಲ,” ಎಂದು ನಕ್ಕರು.

ನಗುವಾಗಲೇ ಅವರ ಹೊಟ್ಟೆ ಗುರ್ ಎಂದಿತು. ನನ್ನದೂ ಸುಮ್ಮನಿರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಆ ಸಂಜೆ ಇಬ್ಬರಿಗೂ ಉಪವಾಸದ ಕಾಲ. ಆದರೆ ಓದಿನ ಬಗ್ಗೆ ಅವರು ತುಟಿ ಬಿಚ್ಚಲಿಲ್ಲ.

ಮುಂದಿನ ಸಲ ನಾನು ಹೊರಡದೆ ಅಡುಗೆಮನೆಯಲ್ಲೇ ಸುಳಿದಾಡುತ್ತಿದ್ದೆ. ಬಸ್ಸಿಗೆ ಹೊತ್ತಾಯಿತೆಂದು ಗದರಿಸಿ ಕಳಿಸಿದವರು ಅತ್ತೆಯೇ. ಸಂಜೆ ಪನಮರಂನಲ್ಲಿ ಇಳಿದರೆ, ಮುಚ್ಚಿದ ಅಂಗಡಿಯೊಂದರ ಬೆಂಚಿನ ಮೇಲೆ ಎರಡು ಬಾಳೆಲೆ ಹಾಸಿಕೊಂಡು, ಬುತ್ತಿ ಬಿಚ್ಚುತ್ತಾ ಅತ್ತೆ ಕೂತಿದ್ದಾರೆ. ಬಿಸಿಲು ಇನ್ನೂ ಗುಡ್ಡದ ನೆತ್ತಿಯ ಮೇಲಿತ್ತು. ಮನೆಯಲ್ಲೇ ಉಣ್ಣಬೇಕಲ್ಲವೇ ಎಂದೆ.

“ಮನೇಲೇ ಉಣ್ಬೇಕೂಂತ ಯಾವ ಶಾಸ್ತ್ರದಲ್ಲಿದೆ? ಬೇಗ ಕೂರು ಮಗಾ. ಪಿನ್ನೆ, ಇನ್ನೊಂದು ಮಾತು, ನಡೆಯೋ ಅರ್ಧ ಗಂಟೆ ಉಳೀತಲ್ಲ, ನಾಳಿದ್ದಿಂದ ಅಷ್ಟು ಹೊತ್ತು ಹೆಚ್ಚಿಗೆ ಓದಿ ಬಾ.”

ಪರೀಕ್ಷೆ ಮುಗಿಯುವವರೆಗೂ ವಾರಕ್ಕೆರಡು ದಿನ ಅತ್ತೆ, ನಾನು ಬೀದಿಯಲ್ಲೇ ಉಂಡೆವು.